ಪೂರ್ವಾಳ ಪಾಳಿ

"ಹುಡುಗ್ಯಾರೊಳಗ ಯಾರಿಗರೆ ಕಾಗಿ ಮುಟ್ಯಾದೇನು? ಈಗ ಹೇಳ್ರಿ!"

ಇದ್ದಕ್ಕಿದ್ದಂತೆ ಆರಿಹೋದ ಕಂಪ್ಯೂಟರಿನ ಮುಂದೆ ಊದಬತ್ತಿ ಹಿಡಿದು ನಿಂತಿದ್ದ ವೇಣೂಬಾಯಿಯ ಮಾತಿಗೆ ಪಡಸಾಲೆಯ ಹುಡುಗ ಹುಡುಗಿಯರೆಲ್ಲ ತಿರುಗಿ ನೋಡಿದರು. ಮಗ ಶಿವಾನಂದ ಸೋಲಾಪುರದ ಈ ಮನೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಂದಿನಿಂದ ಆ ಯಂತ್ರಕ್ಕೆ ದಿನಾ ಕುಂಕುಮ ಹಚ್ಚುವವಳು ಆಕೆಯೇ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರಬೇಕು. ಕಾಗೆ ಮುಟ್ಟಿದರೆ, ಎಂದರೆ ತಿಂಗಳ ಆ ದಿನಗಳಲ್ಲಿ, ಹುಡುಗಿಯರು ಬರಲೇಬಾರದು. ಗುಟಕಾ ತಿಂದ ಬೆರಳಲ್ಲೇ ಮೌಸ್ ಹಿಡಿಯುವ ಹುಡುಗರಿಗೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ.

ನಂದಾ ತಲೆ ತಗ್ಗಿಸಿದಳು. ಬೆಳಿಗ್ಗೆ ತನ್ನೂರು ಹೋಟಗಿಯಿಂದ ಬರುವ ಗಾಡಿಯಲ್ಲೇ ಆಕೆಗೆ ಶುರುವಾಗಿತ್ತು. ಈಗ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಪೂರ್ವಾ, ಇದೇ ಓಣಿಯ ಗುಮಾಸ್ತರ ಮಗಳು, ಕ್ಲಾಸಿಗೆ ಬಂದೊಡನೆ ಆಕೆಯನ್ನು ಅಂಗಳದ ನಳದ ಹಿಂದೆ ಕರೆದೊಯ್ದು ತನ್ನ ಚೀಲದಿಂದ ಬಟ್ಟೆ ತೆಗೆದುಕೊಟ್ಟಿದ್ದಳು. "ಸುಮ್ಮ ಕೂಡು. ಯಾರ್ ಕೇಳ್ತಾರ?" ಎಂದಿದ್ದಳು.

ನಾಳೆ ಅಕ್ಕಲಕೋಟ ರಸ್ತೆ ಎಂಐಡಿಸಿ ಕಾರ್ಖಾನೆ ವಸಾಹತಿನ ನೂಲಿನ ಮಿಲ್ಲೊಂದರಲ್ಲಿ ಇಬ್ಬರಿಗೂ ನೌಕರಿಯ ಪರೀಕ್ಷೆ. ತೊಂಬತ್ತೊಂಬತ್ತನೆಯ ಇಸವಿ, ಪುಣೆಯಿಂದ ಫೋನಿನ ತಂತಿಯಲ್ಲಿ ಪ್ರಶ್ನೆಗಳು ಇಳಿಯುತ್ತವೆ, ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತದೆ, ಒಮ್ಮೆ ಒತ್ತಿದ ಉತ್ತರ ತಿದ್ದಲು ಬಾರದು. ಹೋದ ಸಲ ನಂದಾ ಮೌಸಿನ ಬಾಣದ ಗುರುತನ್ನು ಅಟ್ಟಾಡಿಸುವುದರಲ್ಲೇ ವೇಳೆ ಕಳೆದು ಅರ್ಧಕ್ಕೇ ಎದ್ದುಬಂದಿದ್ದಳು. ಗೇಟಿನಲ್ಲಿ ಕಾದಿದ್ದ ಅಪ್ಪ ಚನ್ನವೀರಪ್ಪ, "ಇನ್ನೊಮ್ಮಿ ಕೊಡು. ಆಮ್ಯಾಲ ಸಾಕು, ಮನ್ಯಾಗ ಇರು," ಎಂದಷ್ಟೇ ಹೇಳಿದ್ದ. ಕ್ಲಾಸಿನ ಪ್ರ್ಯಾಕ್ಟೀಸ್ ಪರೀಕ್ಷೆಯನ್ನೂ ಆಕೆ ಇವತ್ತಿನವರೆಗೆ ವೇಳೆಯೊಳಗೆ ಮುಗಿಸಿರಲಿಲ್ಲ.

"ಬಾಯಿ ಬಿಡ್ರಿ ಅಂದ್ರ!" ವೇಣೂಬಾಯಿ ಮತ್ತೆ ಗದರಿದಳು.

"ಆಜಿ, ನಮ್ ತೇಜಸಗೂ ಒಮ್ಮಿ ಕೇಳ್ರಿ," ಎಂದ ಮಯೂರ, ಪಕ್ಕದ ಹುಡುಗನ ಬೆನ್ನಿಗೆ ಗುದ್ದಿ. ಹುಡುಗರ ಬೆಂಚು ಕಿಸಕ್ಕನೆ ನಕ್ಕಿತು.

ವೇಣೂಬಾಯಿಯ ಕಣ್ಣು ಒಂದೊಂದೇ ಮುಖ ದಾಟಿ ನಂದಾಳ ಮೇಲೆ ನಿಂತಿತು. ಹೇಳಿದರೆ ಇವರೆಲ್ಲರ ನಗೆಯ ನಡುವೆ ಎದ್ದು ಹೋಗಬೇಕು. ಪಾಳಿಯೂ ಹೋಯಿತು, ನಾಳೆಯೂ ಹೋಯಿತು.

"ನನಗ್ರಿ, ಆಜಿ," ಎಂದಳು ಪೂರ್ವಾ.

ನಂದಾಳ ನಂತರದ ಪಾಳಿ ಆಕೆಯದಿತ್ತು. ನಂದಾ ಅರ್ಧ ಎದ್ದಳು. ಹಾಗೆಯೇ ಕುಳಿತಳು.

"ನಾಚಿಕಿ ಬ್ಯಾಡೇನು? ಶಿಕಲೇಲಿ ಪೋರಗಿ ಅಂತ, ಕಲತ ಹುಡುಗಿ!" ವೇಣೂಬಾಯಿ ಸೀರೆ ಮುದುಡಿಕೊಂಡು ಗೋಡೆಗೆ ಸರಿದಳು. ಪೂರ್ವಾ ಯಾರನ್ನೂ ನೋಡದೆ ಹೊರಗೆ ನಡೆದಳು.

ಅಷ್ಟರಲ್ಲಿ ಶಿವಾನಂದ ಟೇಬಲ್ಲಿನ ಕೆಳಗೆ ತೂರಿ, ಸಡಿಲಾಗಿ ಜೋತಿದ್ದ ಪ್ಲಗ್ಗನ್ನು ಒತ್ತಿದ. ಪರದೆ ಬೆಳಗಿತು.

"ನೋಡಿದ್ರಿಲ್ಲೋ?" ಎಂದಳು ವೇಣೂಬಾಯಿ.

ಶಿವಾನಂದ ಮೊಣಕಾಲಿನ ಧೂಳು ಝಾಡಿಸಿಕೊಂಡ. "ನಂದಾ, ನೀ ಕೂಡು. ಪೂರ್ವಾನ ಪಾಳಿನೂ ನಿನಗ." ಪ್ಲಗ್ಗಿನ ಮಾತು ಎತ್ತಲಿಲ್ಲ. ಕಣ್ಣಾರೆ ಕಂಡಿದ್ದ ನಂದಾಳೂ ಎತ್ತಲಿಲ್ಲ; ಮೂಲೆಯ ಗಡಿಯಾರ ಓಡತೊಡಗಿತ್ತು.

ಮೊದಲ ಸುತ್ತಿನಲ್ಲಿ ಎಂದಿನಂತೆ ವೇಳೆ ಸಾಲಲಿಲ್ಲ. ಪೂರ್ವಾಳ ಪಾಳಿಯಲ್ಲಿ ಕೊನೆಯ ಪ್ರಶ್ನೆ ಒತ್ತಿದಾಗ ಗಡಿಯಾರ ಇನ್ನೂ ಓಡುತ್ತಿತ್ತು. "ಶಾಬಾಸ!" ಎಂದ ಶಿವಾನಂದ. ವೇಣೂಬಾಯಿ ಕುಂಕುಮದ ಬಟ್ಟಲು ಚಾಚಿದಳು. "ಬಾರವಾ, ನಿನ್ ಕೈಗುಣ ಚಲೋ ಅದ. ಇವತ್ತ ನೀನ ಹಚ್ಚು." ನಂದಾ ಯಂತ್ರಕ್ಕೆ ಹಚ್ಚಿದಳು. ಮುದುಕಿ ಅಕ್ಕರೆಯಿಂದ ಆಕೆಯ ಹಣೆಗೂ ಇಟ್ಟಳು.

ಹೊರಗೆ ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ, ಚಪ್ಪಲಿಗಳ ನಡುವೆ ಪೂರ್ವಾ ಕುಳಿತಿದ್ದಳು. ಒಂದು ಚಪ್ಪಲಿಯನ್ನು ಬೋರಲು ಹಾಕಿ, ಅದರ ಮೇಲೆ ಅಂಗೈಯಿಟ್ಟು, ಕಲ್ಲಿನ ಮೇಲೆ ಅತ್ತಿತ್ತ ಮೆಲ್ಲಗೆ ಸರಿಸುತ್ತ ತೋರುಬೆರಳಿನಿಂದ ಮೌಸಿನಂತೆ ಒತ್ತುತ್ತಿದ್ದಳು. ತುಟಿಯಲ್ಲಿ ಯಾವುದೋ ಲೆಕ್ಕ ನಡೆದಿತ್ತು.

ನೆರಳು ಬಿದ್ದದ್ದಕ್ಕೆ ತಲೆಯೆತ್ತಿದಳು. ಕಣ್ಣು ನಂದಾಳ ಹಣೆಯ ಮೇಲೆ ನಿಂತು, ಸರಿಯಿತು.

"ಟೈಮ್ ಉಳೀತೇನು?"

"ಉಳೀತು."

"ಚಲೋ ಆತು." ಪೂರ್ವಾ ಅಂಗೈಯ ಕೆಳಗಿನ ಚಪ್ಪಲಿಯನ್ನು ತಿರುವಿ, ಜೋಡಿಯ ಪಕ್ಕಕ್ಕಿಟ್ಟು ಮುಂದೆ ಸರಿಸಿದಳು. ಅದು ನಂದಾಳದೇ. "ಹಾಕ್ಕೋ. ನಿನ್ ಗಾಡಿ ಹೊಂಡ್ತದ."

ನಂದಾ ಒಂದು ಕಾಲು ಎತ್ತಿದಳು. ಮತ್ತೆ ಕಾದ ಕಲ್ಲಿನ ಮೇಲೇ ಇಟ್ಟಳು.