ಶೇಂಗಾ ಚಟ್ನಿಯೊಳಗಿನ ಬೀಟ್‌ರೂಟ್

ತೊಂಬತ್ತೊಂದನೇ ಇಸವಿಯಲ್ಲಿ ಉಗಾರ ಬುದ್ರುಕದ ಅಣ್ಣಾಸಾಬನಿಗೆ ತನ್ನ ಕಬ್ಬಿನ ಹೊಲ ಸುತ್ತಿ ಬರುವಷ್ಟರಲ್ಲಿ ಏದುಸಿರು ಬರತೊಡಗಿತು. ಕಾಗವಾಡದ ಡಾಕ್ಟರು ರಕ್ತ ಕಡಿಮೆಯಾಗಿದೆ ಎಂದು ಗುಳಿಗೆ ಬರೆದುಕೊಟ್ಟು, ದಿನಾ ಬೀಟ್‌ರೂಟ್ ತಿನ್ನಲು ಹೇಳಿದರು.

ಮೊದಲ ದಿನವೇ ಅವನು ಪಲ್ಯದ ತಟ್ಟೆಯನ್ನು ಹೆಂಡತಿ ದುಂಡವ್ವನ ಕಡೆ ಸರಿಸಿದ. "ಮಣ್ಣಿನ ವಾಸನಿ ಹೊಡೀತೈತಿ. ನನ್ನೇನ್ ಎತ್ತ ಅಂತ ತಿಳದಿಯೇನ?"

ದುಂಡವ್ವ ವಾದಕ್ಕೆ ಇಳಿಯಲಿಲ್ಲ. ಬೀಟ್‌ರೂಟ್ ತೆಳ್ಳಗೆ ಹೆಚ್ಚಿ, ಮಾಳಿಗೆಯ ಮೇಲೆ ಒಣಗಿಸಿ, ಒರಳಲ್ಲಿ ಕುಟ್ಟಿ ಪುಡಿ ಮಾಡಿದಳು. ರೊಟ್ಟಿಗೆ ಬೆರೆಸಿದರೆ ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ. ಶೇಂಗಾ ಚಟ್ನಿಯಾದರೆ ಖಾರಪುಡಿಯಿಂದ ಮೊದಲೇ ಕೆಂಪಗಿರುತ್ತದೆ.

"ಈ ಸಲದ ಚಟ್ನಿ ಭಾರಿ ಆಗೇತಿ ನೋಡ," ಎನ್ನುತ್ತ ಅಣ್ಣಾಸಾಬ ಮೊಸರು ಕಲಸಿಕೊಂಡು ಎರಡೂ ಹೊತ್ತು ತಿಂದ.

ಒಂದು ಮುಂಜಾನೆ ಹೊಲದಲ್ಲಿ ಮೂತ್ರಕ್ಕೆ ಕುಳಿತವನು ಕೆಳಗೆ ನೋಡಿದ. ಕೆಂಪು! ತನ್ನ ಕಥೆ ಮುಗಿಯಿತು ಅಂದುಕೊಂಡ. ಹೆಂಡತಿಗೆ ಹೇಳಲು ಧೈರ್ಯ ಸಾಲದೆ, ಹೊಲಕ್ಕೆ ನೀರು ಹಾಯಿಸುವ ಪಾಳಿಯ ಜಗಳದಲ್ಲಿ ಮಾತು ಬಿಟ್ಟಿದ್ದ ತಮ್ಮ ಭೀಮಗೊಂಡನ ಮನೆಗೆ ಹೋದ.

"ತಮ್ಮಾ, ಶುಕ್ರವಾರದ ನೀರ ನೀನ ತಗೊ. ನಾ ಇನ್ನ ಭಾಳ ದಿನಾ ಇರಾಂಗಿಲ್ಲ. ಮೂತ್ರದಾಗ ರಕ್ತ ಹೊಂಟೈತಿ."

ಭೀಮಗೊಂಡ ಅಣ್ಣನ ರಟ್ಟೆ ಹಿಡಿದು ಮನೆಗೆ ಕರೆತಂದ. "ವೈನಿ, ಲಗೂನ ನಡೀರಿ, ಅಣ್ಣನ್ನ ಮಿರಜಿನ ದವಾಖಾನಿಗೆ ಒಯ್ಯೂಣು!" ಎಂದು ಅತ್ತಿಗೆಗೆ ಎಲ್ಲ ಹೇಳಿದ.

ದುಂಡವ್ವ ಗಾಬರಿಯಿಂದ ಚೀಲ ಕೈಗೆತ್ತಿಕೊಂಡಳು. ಆಮೇಲೆ ಏನೋ ಹೊಳೆದು, ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ರಕ್ತ ಅಲ್ರಿ ಅದು, ಬೀಟ್‌ರೂಟ! ಚಟ್ನ್ಯಾಗ ಹಾಕೀನಿ."

"ಗಂಡಗ ಕದ್ದ ತಿನ್ನಸ್ತಿ?" ಎಂದು ಅಣ್ಣಾಸಾಬ ಗದರಿದ.

"ಹೇಳಿ ಕೊಟ್ಟಿದ್ರ ತಿಂತಿದ್ರೇನ?"

ಅಣ್ಣಾಸಾಬ ತಮ್ಮನ ಕಡೆ ತಿರುಗಿದ. "ಭೀಮಾ, ಆ ನೀರಿನ ಮಾತ..."

"ಕೊಟ್ಟದ್ದ ಕೊಟ್ಟಂಗ, ಅಣ್ಣಾ," ಎಂದು ಭೀಮಗೊಂಡ ಚಾಪೆ ಎಳೆದುಕೊಂಡು ಊಟಕ್ಕೇ ಕುಳಿತ. ಇಷ್ಟು ದಿನದ ಮುನಿಸು ಹೀಗೆ ಮುಗಿದದ್ದು ದುಂಡವ್ವನಿಗೆ ಹಿತವೆನಿಸಿತು.

ಆದರೂ ಕಾಗವಾಡಕ್ಕೆ ಹೋಗಿ ತೋರಿಸಿ ಬಂದರು. ಡಾಕ್ಟರೂ ನಕ್ಕು, ಅದು ಬೀಟ್‌ರೂಟಿನ ಬಣ್ಣವೇ ಎಂದರು.

ಕಬ್ಬು ಕಡಿಯುವ ಹೊತ್ತಿಗೆ ಅಣ್ಣಾಸಾಬ ಸುಧಾರಿಸಿಕೊಂಡಿದ್ದ. ಆಮೇಲೆ ಕ್ಷೌರದ ಅಂಗಡಿಯಲ್ಲಿ ಕುಳಿತು, "ಬೀಟ್‌ರೂಟ ಒಣಗಿಸಿ ಪುಡಿ ಮಾಡಿ ತಿನ್ರಿ. ಇದು ನನ್ನ ಐಡಿಯಾ," ಎಂದು ಎಲ್ಲರಿಗೂ ಹೇಳತೊಡಗಿದ. ಪಕ್ಕದ ಮನೆಯ ಹೊಳೆವ್ವ ಚಟ್ನಿಗೆಂದು ಬಟ್ಟಲು ಹಿಡಿದು ಬಂದು, ಅದು ನಿಜಕ್ಕೂ ಅವನ ಐಡಿಯಾವೇ ಎಂದು ಕೇಳಿದಳು.

"ಹೌದವಾ, ಅವರ ತಲಿ ಭಾಳ ಚುರುಕ," ಎಂದು ದುಂಡವ್ವ ನಗದೆ ಬಟ್ಟಲು ತುಂಬಿಸಿಕೊಟ್ಟಳು.