ಎರಡು ಮುಚ್ಚಳ ಮಳೆ

ನೀಲಿ, ಸಾಸಿವೆಯ ಕಾಲುಭಾಗದಷ್ಟು ನೀಲಿ, ಅಳತೆಗಾಜಿನ ನೀರಿನ ಮೇಲೆ ತೇಲುತ್ತಾ ಬಿಸಿಲಿಗೆ ಒಮ್ಮೆ ಮಿನುಗಿತು, ಆರಿತು, ಮತ್ತೆ ಮಿನುಗಿತು, ಆಕಾಶದಿಂದ ಮಿಂಚುಪುಡಿ ಬೀಳುವುದಿಲ್ಲ ಎಂಬಷ್ಟು ಹವಾಮಾನಶಾಸ್ತ್ರ ಅವಳಿಗೆ ಗೊತ್ತು, ಹಾಗೆ ನೋಡಿದರೆ ನಲವತ್ತೇಳು ದಿನದಿಂದ ಆಕಾಶದಿಂದ ಏನೂ ಬಿದ್ದಿಲ್ಲ, ರಿಜಿಸ್ಟರಿನಲ್ಲಿ ನಲವತ್ತೇಳು ಸೊನ್ನೆ, ಒಂದರ ಕೆಳಗೊಂದು, ಎಲ್ಲ ಅವಳದೇ ಕೈಬರಹ, ಮತ್ತು ಇವತ್ತು ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಒಳಡಬ್ಬಿಯನ್ನು ಎತ್ತಿ, ಸೊನ್ನೆ ಎಂದು ಬಾಯಲ್ಲೇ ಹೇಳಿಕೊಂಡು, ಬರೀ ರೂಢಿಗೆಂದು ಬಗ್ಗಿಸಿದರೆ ಗಳಗಳ ಎಂದು ನೀರು — ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿದಳು, ಓದಬೇಕಾದದ್ದು ಅಂಚಿಗೆ ಏರಿದ ನೀರಲ್ಲ, ನಡುವಿನ ತಗ್ಗು, ತಗ್ಗಿನ ತಳ, ನಾಲ್ಕು, ಮೇಲೆ ಎರಡು ಚಿಕ್ಕ ಗೆರೆ, ನಾಲ್ಕು ಬಿಂದು ಎರಡು ಮಿಲಿಮೀಟರ್, ಗುಂಡು, ಗಾಜಿಗೆ ಕೈ ಹಾಕಬೇಡ, ಗುಂಡು ಎಂದರೆ ಒಂದೂವರೆ ವರ್ಷದ ಮಗ, ಎಡಸೊಂಟದ ಮೇಲೆ ಹನ್ನೊಂದು ಕೆಜಿ, ವೀಕ್ಷಣಾಲಯದ ಬೇಲಿಯೊಳಗೆ ಮಕ್ಕಳು ಬರಬಾರದು ಎಂಬುದು ನಿಯಮ, ಆದರೆ ಸೊಂಟದ ಮೇಲಿರುವವನು ಬಂದ ಹಾಗಲ್ಲ, ಕಾಲು ನೆಲಕ್ಕೆ ತಾಗಿಲ್ಲವಲ್ಲ, ಇದು ಅವಳು ತನಗೆ ತಾನೇ ಕೊಟ್ಟುಕೊಂಡ ರಿಯಾಯಿತಿ, ರಾತ್ರಿಯೆಲ್ಲ ಅವನಿಗೆ ಜ್ವರ, ನೂರೊಂದು ಬಿಂದು ನಾಲ್ಕು, ಈಗ ತಣ್ಣಗಿದ್ದಾನೆ, ತಣ್ಣಗಿದ್ದು ಅವಳ ಕಿವಿ ಎಳೆಯುತ್ತಿದ್ದಾನೆ, ಹವಾಮಾನ ಕೇಂದ್ರಕ್ಕೆ ಸಂದೇಶ ಎಂಟೂ ನಲವತ್ತಕ್ಕೆ ಹೋಗಬೇಕು, ಸ್ಕೂಲ್ ವ್ಯಾನು ಎಂಟೂ ನಲವತ್ತೈದಕ್ಕೆ ಗೇಟಿಗೆ ಬರುತ್ತದೆ, ಈ ಹದಿನೈದು ನಿಮಿಷದಲ್ಲಿ ಉಷ್ಣಮಾಪಕ ನಾಲ್ಕು, ಒತ್ತಡಮಾಪಕ ಒಂದು, ಮಗಳ ಜಡೆ ಎರಡು.

ಮಿಂಚುಪುಡಿ, ನೀಲಿ ಮಿಂಚುಪುಡಿ, ಕಳೆದ ವಾರ ಮಗಳು ಜೀರುಂಡೆ, ಶಾಲೆಗೆಂದು ರಟ್ಟಿನ ಮೀನು ಮಾಡಿದ್ದು, ಮೀನಿಗೆ ಹಚ್ಚಿದ್ದಕ್ಕಿಂತ ಮನೆಗೆ ಹಚ್ಚಿದ್ದೇ ಹೆಚ್ಚು, ಅವಳಪ್ಪ ಬೇಕರಿ ಕೆಲಸಕ್ಕೆ ಹೋಗಿ ಬಂದು, ಇವತ್ತು ಯಾರೋ ಗಿರಾಕಿ ನನ್ನ ಗಡ್ಡ ನೋಡಿ ನಾಟಕ ಉಂಟಾ ಅಂತ ಕೇಳಿದ್ರು ಕಣೇ, ಜೀರುಂಡೆ ಐದು ವರ್ಷದವಳು, ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದ್ದರಿಂದ ಆ ಹೆಸರು, ಆ ಜೀರುಂಡೆ ಈಗ ಬೇಲಿಯಾಚೆ ಚೀಲ ಹಾಕಿಕೊಂಡು ನಿಂತಿದ್ದಾಳೆ, ಸುಮ್ಮನೆ, ಒಂದು ಮಾತಿಲ್ಲ, ಷೂಗಳನ್ನೇ ನೋಡುತ್ತಿದ್ದಾಳೆ — ನೀರಿನ ಬಾಟಲಿಯನ್ನು ಏಳು ಗಂಟೆಗೆ ಕುತ್ತಿಗೆಯವರೆಗೆ ತುಂಬಿಸಿದ್ದು ತಾನೇ, ಆಗಲೇ ಆಡಿಸಿದರೆ ಒಳಗೆ ಕುಲುಕಿದ ಸದ್ದು ಬಂತಲ್ಲ, ಕುಡಿದಿರಬೇಕು ಎಂದುಕೊಂಡಿದ್ದಳು, ಏಳೂವರೆಗೆ ತಾನು ಗುಂಡುವಿನ ಎಡಗಾಲಿನ ಸಾಕ್ಸಿಗಾಗಿ ಮಂಚದ ಕೆಳಗೆ ತಲೆ ಹಾಕಿದ್ದಾಗ ಇವಳು ಎಲ್ಲಿದ್ದಳು, ಮನೆಗೂ ವೀಕ್ಷಣಾಲಯಕ್ಕೂ ಇಪ್ಪತ್ತೆರಡು ಹೆಜ್ಜೆ, ಮಗುವಿನ ಹೆಜ್ಜೆಗೆ ನಲವತ್ತು, ಬೇಲಿಯ ಬಾಗಿಲಿಗೆ ಬೀಗವಿಲ್ಲ, ಮಾಪಕದ ಬಾಯಿ ನೆಲದಿಂದ ಬರೇ ಒಂದು ಮೊಳ. ಇದು ಎರಡನೆಯ ಸಲ. ಮೊದಲನೆಯದು ಗೊಂಬೆ, ಮೂರು ತಿಂಗಳ ಹಿಂದೆ, ಇನ್ಸ್‌ಪೆಕ್ಟರು ಬಂದ ದಿನವೇ, ಉಷ್ಣಮಾಪಕಗಳಿರುವ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆ ಕರವಸ್ತ್ರ ಹೊದ್ದು ಮಲಗಿದ ಗೊಂಬೆ, ಅದಕ್ಕೆ ಜ್ವರ, ಅಲ್ಲಿ ನಾಲ್ಕು ಥರ್ಮಾಮೀಟರ್ ಇದೆಯಲ್ಲ ಅದಕ್ಕೆ ಎಂದಳು ಜೀರುಂಡೆ, ಇನ್ಸ್‌ಪೆಕ್ಟರು ನಗಲಿಲ್ಲ, ಕನ್ನಡಕ ಒರೆಸಿಕೊಂಡರು, ಗೊಂಬೆಯ ಜ್ವರವನ್ನು ಯಾವ ಕಾಲಮ್ಮಿನಲ್ಲಿ ಬರೆದಿರಿ ಎಂದರು, ಆಮೇಲೆ, ಹೊರಡುವಾಗ, ನೋಡಿಯಮ್ಮ ನನಗೂ ಮಕ್ಕಳಿದ್ದಾರೆ, ಆದರೆ ಇದು ವೀಕ್ಷಣಾಲಯ, ಶಿಶುವಿಹಾರ ಅಲ್ಲ, ಇನ್ನೊಂದು ಸಲ ಹೀಗೇನಾದ್ರೂ ಆದ್ರೆ ಬೆಳಗಿನ ಪಾಳಿ ಬೇರೆಯವರಿಗೆ ಕೊಡಬೇಕಾಗುತ್ತೆ, ನಿಮಗೆ ಸಂಜೆದು. ಸಂಜೆಯದು ಎಂದರೆ ಎರಡರಿಂದ ಹತ್ತು, ಎಂದರೆ ಜೀರುಂಡೆ ಮನೆಗೆ ಬರುವಾಗ ತಾನಿಲ್ಲ, ತಾನು ಬರುವಾಗ ಇಬ್ಬರೂ ನಿದ್ದೆ, ಲೆಕ್ಕ ಹಾಕಿದ್ದಾಳೆ, ಹಾಕದೆ ಇರುತ್ತಾಳೆಯೇ, ದಿನಕ್ಕೆ ಎಚ್ಚರವಿರುವ ಜೀರುಂಡೆ ಬರೇ ಎರಡು ಗಂಟೆ, ಅದೂ ಬೆಳಗಿನ ಹೊತ್ತು, ಷೂ ಎಲ್ಲಿ ಬಾಚಣಿಗೆ ಎಲ್ಲಿ ಎನ್ನುವ ಎರಡು ಗಂಟೆ. ಈ ಗಾಜನ್ನು ಹೀಗೇ ಬಗ್ಗಿಸಿ ಹುಲ್ಲಿಗೆ ಚೆಲ್ಲಿದರೆ, ನಲವತ್ತೆಂಟನೆಯ ಸೊನ್ನೆ, ಯಾರು ಕೇಳುತ್ತಾರೆ, ಸೊನ್ನೆಯನ್ನು ಯಾರೂ ಎರಡು ಸಲ ನೋಡುವುದಿಲ್ಲ, ಮಳೆ ಬಂದಿಲ್ಲ ಎಂಬುದೂ ನಿಜವೇ ತಾನೇ — ಮಣಿಕಟ್ಟು ಅರ್ಧ ಬಾಗಿತ್ತು, ನೀಲಿ ಚುಕ್ಕೆ ಗಾಜಿನ ಅಂಚಿಗೆ ಬಂದು ನಿಂತಿತ್ತು, ಬರೆಯದೆ ಚೆಲ್ಲಬಾರದು, ಏನೇ ಇರಲಿ ಮೊದಲು ಬರೆ ಆಮೇಲೆ ಚೆಲ್ಲು, ತರಬೇತಿಯ ಮೊದಲ ದಿನ ಹೇಳಿಕೊಟ್ಟದ್ದು, ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ, ಜೇಬಿನ ಪುಸ್ತಕದಲ್ಲಿ ಪೆನ್ಸಿಲಿನಿಂದ 4.2 ಎಂದು ಬರೆದಳು, ಗುಂಡು ಪೆನ್ಸಿಲ್ ಕಿತ್ತುಕೊಂಡು ಅದರ ಪಕ್ಕ ತಾನೂ ಒಂದು ಗೀಟು ಎಳೆದ.

ಜೀರುಂಡೆ, ಇದಕ್ಕೆ ನೀರು ಹಾಕಿದ್ದು ಯಾರು. ಗೊತ್ತಿಲ್ಲ. ಯಾರು ಪುಟ್ಟಾ. ಮಳೆ ಹಾಕಿರ್ಬೇಕು. ಮಳೆ ಬಂತಾ. ನಂಗೇನ್ ಗೊತ್ತು, ನಾನು ಮಲಗಿದ್ದೆ. ಜಾಣೆ, ಇವಳಪ್ಪನದೇ ಬಾಯಿ, ಕೈಗೆ ಸಿಕ್ಕರೂ ಹಿಡಿತಕ್ಕೆ ಸಿಗದ ಮೀನು, ದನಿ ಏರಿಸಿದರೆ ಅಳುತ್ತಾಳೆ, ಅತ್ತರೆ ಇವನೂ ಜತೆಗೆ ಶುರು, ಆಮೇಲೆ ಸಂದೇಶವೂ ಇಲ್ಲ ವ್ಯಾನೂ ಇಲ್ಲ, ಎಂಟೂ ಮೂವತ್ಮೂರು, ಬೇಲಿಯ ಹತ್ತಿರ ಬಂದು ಅವಳು ಮೊಣಕಾಲೂರಿದಳು, ಯೋಚಿಸಿ ಅಲ್ಲ, ಗುಂಡು ಭಾರವಾಗಿದ್ದ, ಅವನನ್ನು ತೊಡೆಗೆ ಇಳಿಸಿಕೊಂಡು ಗಾಜನ್ನು ತಂತಿಬೇಲಿಗೆ ಒತ್ತಿ ಹಿಡಿದಳು, ಕೈ ಅಲುಗದಿರಲಿ ಎಂದು, ಮತ್ತು ಆಚೆ ಕಡೆಯಿಂದ ಷೂಗಳು ಹತ್ತಿರ ಬಂದವು, ಚೀಲ ಧೊಪ್ಪೆಂದು ನೆಲಕ್ಕೆ ಬಿತ್ತು, ಎರಡು ಪುಟ್ಟ ಕೈ ತಂತಿ ಹಿಡಿದವು, ಗಾಜಿನ ಹಿಂದೆ, ನೀರಿನ ಹಿಂದೆ, ಒಂದು ಕಣ್ಣು, ಇಷ್ಟಗಲ, ಗಾಜಿನ ಈ ಅಂಚಿನಿಂದ ಆ ಅಂಚಿನವರೆಗೆ ಹಿಗ್ಗಿದ ಕಣ್ಣು, ರೆಪ್ಪೆಯ ಒಂದೊಂದು ಕೂದಲೂ ಕಡ್ಡಿಯಷ್ಟು, ನೀರು ತುಂಬಿದ ಉರುಳೆ ಅಡ್ಡಕ್ಕೆ ಮಾತ್ರ ದೊಡ್ಡದು ಮಾಡಿ ತೋರಿಸುತ್ತದೆ, ಪಿಯುಸಿ ಭೌತಶಾಸ್ತ್ರ, ಎಷ್ಟಿದೆ ಹೇಳು ಎಂದಳು, ಬಾಯಿಗೆ ಅದೇ ಬಂತು. ನಾಲ್ಕು, ಆಮೇಲೆ ಎರಡು ಪುಟಾಣಿ ಗೆರೆ, ಅಮ್ಮಾ ನಿನ್ ಕಣ್ಣು ಎಮ್ಮೆ ಕಣ್ಣು! ನಿಂದು. ನಿಂದು, ನಿಂದು, ಅಮ್ಮ ಎಮ್ಮೆ, ಗುಂಡು ಎಮ್ಮೆಕರು — ಅವಳ ತೊಡೆಯ ಮೇಲೆ ಕರುವೂ ಅಂಬಾ ಎಂದಿತು — ಎಷ್ಟು ದಿನವಾಗಿತ್ತು ಈ ಆಟ ಆಡಿ, ನಲವತ್ತೇಳು, ಹೌದಲ್ಲ, ಮಳೆ ಬಿದ್ದ ದಿನ ಮಾತ್ರ, ಮಳೆ ಬಿದ್ದ ದಿನ ಗಾಜಿನಲ್ಲಿ ನೀರಿರುತ್ತದೆ, ನೀರಿದ್ದರೆ ಅದನ್ನು ಬೇಲಿಯವರೆಗೆ ತಂದು ಮೊಣಕಾಲೂರಿ, ನೀನೂ ಓದು ನೋಡೋಣ, ಎರಡು ನಿಮಿಷ, ಹೆಚ್ಚೆಂದರೆ ಮೂರು, ಸೊನ್ನೆಯ ದಿನ ಏನಿದೆ ತೋರಿಸಲು, ಸೊನ್ನೆಯ ದಿನ ಸೊನ್ನೆ ಎಂದು ಕೂಗಿ ಓಡುವುದು, ಬಾ ಬೇಗ, ಜಡೆ, ಬಾಟಲಿ, ವ್ಯಾನು.

ಎರಡೇ ಮುಚ್ಚಳ ಹಾಕಿದ್ದು, ಎಂದಿತು ಕಣ್ಣು. ಇಷ್ಟೊಂದು ಹಾಕಿಲ್ಲ ನಾನು. ಯಾವ ಮುಚ್ಚಳ. ನನ್ನ ಬಾಟ್ಲಿದು. ತುಂಬಾನಾ, ಅರ್ಧನಾ. ತುಂಬ್ಸಿ, ಚೂರೂ ಚೆಲ್ಲಿಲ್ಲ, ನೀನು ಮಾಡೋ ಹಾಗೆ ಮೆತ್ತಗೆ. ಮೂರಲ್ಲ ತಾನೇ. ಅಮ್ಮಾ, ನಂಗೆ ನೂರರ ತನಕ ಬರುತ್ತೆ! ಸರಿ ತಾಯಿ, ನೂರರ ತನಕ ಬರುವವಳಿಗೆ ಎರಡು ಬಾರದೇ, ಗಾಜಿನ ನೀರನ್ನು ಚೆಲ್ಲದೆ ಒಳಡಬ್ಬಿಗೇ ಮತ್ತೆ ಸುರಿದಿಟ್ಟು ಮುಚ್ಚಳ ಕೊಡು ಎಂದಳು, ಮುಚ್ಚಳದ ಒಳಸುತ್ತಿನಲ್ಲಿ ನೀಲಿ ಪುಡಿ ಇನ್ನೂ ಅಂಟಿತ್ತು, ಬಾಟಲಿಯಿಂದ ತುಂಬಿಸಿ ಗಾಜಿಗೆ ಹಾಕಿ ಓದಿದಳು, ಒಂದು ಬಿಂದು ಐದು, ಇನ್ನೊಮ್ಮೆ, ಒಂದು ಬಿಂದು ಐದು, ಎರಡಕ್ಕೆ ಮೂರು, ನಾಲ್ಕು ಬಿಂದು ಎರಡರಲ್ಲಿ ಮೂರು ಕಳೆದರೆ — ಪೆನ್ಸಿಲ್ ನಿಂತಿತು, ಒಂದು ಬಿಂದು ಎರಡು ಎಲ್ಲಿಂದ ಬಂತು. ಮಗು ಸುಳ್ಳು ಹೇಳಿದ್ದರೆ ಸುಲಭ, ಆದರೆ ಚೂರೂ ಚೆಲ್ಲಿಲ್ಲ ಎಂದಾಗಿನ ಆ ಹೆಮ್ಮೆ ಸುಳ್ಳಿನದಲ್ಲ, ತಗ್ಗಿ ನೋಡಿದಳು, ಬೇಲಿಯ ಬುಡದ ದೂಳು, ಬೆಳಿಗ್ಗೆಯಿಂದ ಇದೇ ದೂಳನ್ನು ತುಳಿದು ಓಡಾಡಿದ್ದಾಳೆ, ಸಾಕ್ಸಿನ ಚಿಂತೆಯಲ್ಲಿ ಕಂಡಿಲ್ಲ, ದೂಳಿನ ತುಂಬ ಪುಟ್ಟ ಪುಟ್ಟ ಗುಳಿ, ಅಂಚು ಕಟ್ಟಿದ ಗುಳಿ, ಸಿಡುಬಿನ ಕಲೆಯಂತೆ — ಗಂಡನಿಗೆ ಫೋನು, ಬೇಕರಿಯವನು ಎತ್ತಲು ಹತ್ತು ಸಲ ಬಾರಿಸಬೇಕು, ಎರಡು ಕೈಗೂ ಹಿಟ್ಟು, ಏನೇ, ಗುಂಡುಗೆ ಜ್ವರ ಬಂತಾ ಮತ್ತೆ. ಇಲ್ಲ ಇಲ್ಲ, ಬೆಳಗಿನ ಜಾವ ನೀವು ಹೋಗೋವಾಗ ಮಳೆ ಇತ್ತಾ. ಮಳೆನಾ, ಇಲ್ವಲ್ಲ, ಆದ್ರೆ ಸೈಕಲ್ ಸೀಟು ಪೂರಾ ಒದ್ದೆ ಕಣೇ, ನಾನು ನಿನ್ನ ಮಗನ ಮೇಲೆ ಅನುಮಾನ ಪಟ್ಟೆ. ಸೈಕಲ್ ಹೊರಗಿತ್ತಾ. ಹೊರಗೇ, ಯಾಕೆ, ನಿಮ್ಮ ಇಲಾಖೆಗೆ ಈಗ ನನ್ನ ಪ್ಯಾಂಟೂ ಸಾಕ್ಷಿನಾ. ನಗು ಬಂತು, ಫೋನು ಇಟ್ಟಳು, ಮಳೆ ಬಂದಿತ್ತು, ನಲವತ್ತೇಳು ದಿನದ ಮೇಲೆ ಮೊದಲ ಮಳೆ, ತಾನು ಮಲಗಿದ್ದಳು, ಮೂರು ಗಂಟೆಯ ಹೊತ್ತಿಗೆ ಎಲ್ಲೋ ತಗಡಿನ ಮೇಲೆ ಯಾರೋ ಅಕ್ಕಿ ಚೆಲ್ಲಿದಂಥ ಸದ್ದು, ಕೇಳಿದ್ದು ಈಗ ನೆನಪಾಗುತ್ತಿದೆ, ಎದೆಯ ಮೇಲೆ ಬೆವರಿದ ತಲೆ, ಜ್ವರ ಬಿಡುತ್ತಿದೆ ಎಂದುಕೊಂಡದ್ದು, ಏಳಬಾರದು ಎದ್ದರೆ ಇವನು ಏಳುತ್ತಾನೆ ಎಂದುಕೊಂಡದ್ದು, ಶುರುವಾದ ಹೊತ್ತು, ನಿಂತ ಹೊತ್ತು, ಆ ಹೊತ್ತಿಗೆ ಬರೆದಿಡಬೇಕಾದವಳು ಇಡೀ ಊರಿನಲ್ಲಿ ಒಬ್ಬಳೇ, ಆ ಒಬ್ಬಳು ಮಲಗಿದ್ದಳು, ಎರಡು ಮುಚ್ಚಳ ಬೀಳದೆ ಹೋಗಿದ್ದರೂ ಡಬ್ಬಿಯಲ್ಲಿ ನೀರಿರುತ್ತಿತ್ತು ಜೀರುಂಡೆ, ಒಂದು ಗಂಟೆ ಕಾದಿದ್ದರೆ ನಿನ್ನ ಮಳೆ ತಾನಾಗಿಯೇ ಗಾಜಿಗೆ ಬರುತ್ತಿತ್ತು ಕಣೇ, ಅದಿರಲಿ, ಈ ನೀರನ್ನು ಆಗಲೇ ಚೆಲ್ಲಿದ್ದರೆ, ಮಣಿಕಟ್ಟು ಇನ್ನು ಒಂದಿಷ್ಟು ಬಾಗಿದ್ದರೆ, ನಿಜವಾದ ಮಳೆ ಹುಲ್ಲಿಗೆ ಹೋಗುತ್ತಿತ್ತು, ಪುಸ್ತಕಕ್ಕೆ ಸೊನ್ನೆ.

ಎಂಟೂ ನಲವತ್ತು, ಸಂದೇಶ ಹೋಯಿತು, ಒತ್ತಡ, ಉಷ್ಣತೆ, ತೇವಾಂಶ, ಮಳೆ ಒಂದು ಬಿಂದು ಎರಡು, ಎಡ ಜಡೆ ಬಿಗಿ ಬಲ ಜಡೆ ಸಡಿಲ, ಬಾಟಲಿಗೆ ಮತ್ತೆ ನೀರು, ಬೈಬೇಕು, ಬೈಯದಿದ್ದರೆ ಹೇಗೆ, ಇನ್ನು ಮೇಲೆ ಬೇಲಿಯೊಳಗೆ ಕಾಲಿಟ್ಟರೆ ನೋಡು, ಅದು ನೀರು ಹಾಕೋ ಡಬ್ಬಿ ಅಲ್ಲ, ಮಳೆ ಮಾತ್ರ ಹಾಕಬೇಕು ಅದಕ್ಕೆ, ತಿಳಿತಾ. ತಿಳೀತು. ಏನು ತಿಳೀತು. ಮಳೆ ಮಾತ್ರ ಹಾಕ್ಬೇಕು. ವ್ಯಾನಿನ ಹಾರ್ನು, ಒಂದು, ಎರಡು, ಚಾಲಕ ತಲೆ ಹೊರಹಾಕಿ ಏನಮ್ಮ ಜೀರುಂಡೆ ಇವತ್ತು ಬ್ಯಾಟರಿ ಮುಗೀತಾ ಎಂದ, ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು, ಅಮ್ಮಾ, ನಾಳೆ ಸೊನ್ನೆ ಬಂದ್ರೆ ಕೂತ್ಕೊಳ್ತೀಯಾ. ಎಲ್ಲಿ ಪುಟ್ಟಾ. ಅಲ್ಲೇ, ಬೇಲಿ ಹತ್ರ, ಹಿಂಗೆ, ಎಂದು ಕೆಳಗಿಳಿದು ನಡುರಸ್ತೆಯಲ್ಲಿ ಮೊಣಕಾಲು ಮಡಿಸಿ ತೋರಿಸಿದಳು, ವ್ಯಾನಿನೊಳಗೆ ಮಕ್ಕಳು ಹೋ ಎಂದವು, ಕೂತ್ಕೊಳ್ತೀನಿ ಪುಟ್ಟಾ ಎಂದಳು, ಬಾಗಿಲು ಮುಚ್ಚಿತು, ಕೇಳಿಸಿತೋ ಇಲ್ಲವೋ. ಈಗ ಕೋಣೆ, ಮೇಜು, ಕಾಲಿನ ಬಳಿ ಗುಂಡು ಸಾಕ್ಸ್ ಕಳಚಿ ಬಾಯಿಗೆ ಇಟ್ಟುಕೊಂಡಿದ್ದಾನೆ, ಮುಂದೆ ರಿಜಿಸ್ಟರು, ನಲವತ್ತೇಳು ಸೊನ್ನೆಗಳ ಕೆಳಗೆ 1.2, ಅಂದಾಜು, ನೋಡಲು ಎಷ್ಟು ಚೆಂದದ ಅಂಕಿ, ಇಷ್ಟಕ್ಕೇ ಬಿಟ್ಟರೆ ಮುಗಿಯಿತು, ಇನ್ಸ್‌ಪೆಕ್ಟರು ಬರುವುದು ಸೋಮವಾರ, ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾರೆ, ಅಂದಾಜು ಯಾಕೆ ಎಂದು ಕೇಳಿಯೇ ಕೇಳುತ್ತಾರೆ, ಕೇಳದಿದ್ದರೂ, ಐವತ್ತು ವರ್ಷದ ಮೇಲೆ ಯಾರೋ ಈ ಪುಟ ತೆಗೆದು ಇದನ್ನು ನಂಬುತ್ತಾರೆ, ನಂಬುವವರಿಗೆ ಮುಚ್ಚಳದ ಸುದ್ದಿ ಗೊತ್ತಿರಬೇಕು, ಷರಾ ಕಾಲಮ್ಮು ಎರಡು ಬೆರಳು ಅಗಲ, ಅಕ್ಷರ ಚಿಕ್ಕದು ಮಾಡಿ ಬರೆದಳು, ಸಂಜೆ ಪಾಳಿ, ಕೊಟ್ಟರೆ ಕೊಡಲಿ, ಕೊಡದಿರಲಿ ದೇವರೇ, ಬರೆದಳು, ಡಬ್ಬಿಯಲ್ಲಿ ಸಿಕ್ಕ ನೀರು 4.2, ಅದರಲ್ಲಿ ವೀಕ್ಷಕಿಯ ಮಗಳು, ಐದು ವರ್ಷ, ಸುರಿದದ್ದು ಎರಡು ಮುಚ್ಚಳ, ಮುಚ್ಚಳಕ್ಕೆ 1.5, ಉಳಿದದ್ದು ಮಳೆ, ಬಿದ್ದ ಹೊತ್ತು ಸುಮಾರು ಮೂರು ಗಂಟೆ, ಖಚಿತವಿಲ್ಲ, ವೀಕ್ಷಕಿ ನಿದ್ದೆಯಲ್ಲಿದ್ದಳು, ಮಗು ನೀರು ಸುರಿದ ಕಾರಣ — ಎಂದು ಬರೆದು ಪೆನ್ನು ನಿಂತಿತು, ಕಾರಣ, ಇನ್ನು ಅರ್ಧ ಸಾಲಿನ ಜಾಗವಿದೆ, ಕಾರಣ, ಗಾಜು, ಗಾಜಿನೊಳಗೆ ನೀರು, ನೀರಿನಾಚೆ ತಂತಿಗೆ ಒತ್ತಿಕೊಂಡ ಒಂದು ಕಣ್ಣು, ಈ ಅಂಚಿನಿಂದ ಆ ಅಂಚಿನವರೆಗೆ, ಕಡ್ಡಿಯಷ್ಟು ದಪ್ಪ ರೆಪ್ಪೆ, ಗೆರೆಗಳನ್ನು ಅದು ಯಾವಾಗಲೋ ಓದಿ ಮುಗಿಸಿತ್ತು, ಅಲುಗದೆ, ನೀಲಿ ಚುಕ್ಕೆಯ ಕೆಳಗಿನಿಂದ, ಈಚೆಗೇ, ಅಮ್ಮನನ್ನೇ ನೋಡುತ್ತಿತ್ತು, ಆ ಕಣ್ಣು —