ಘಾಟಮ್ಮನ ಮೂಗಿಗೂ ಸಿಗದ ಬೂಷ್ಟು

ವಾರವಿಡೀ ಮೋಡ ಮುಚ್ಚಿಕೊಂಡರೆ ಮೆಣಸಿನಕಾಯಿ ಒಣಗಿಸುವವರ ಮನೆಯಲ್ಲಿ ಯಾರ ಮುಖವೂ ಸರಿಯಿರುವುದಿಲ್ಲ. ನಮ್ಮ ಮನೆಯಲ್ಲಂತೂ ಕೇಳಲೇಬೇಡಿ. ನಮ್ಮತ್ತೆ ಗಂಟೆಗೊಮ್ಮೆ ಅಂಗಳಕ್ಕೆ ಹೋಗಿ ಆಕಾಶಕ್ಕೇ ಬೈದು ಬರುತ್ತಿದ್ದರು.

"ಒಂದ್ ದಿನ ಬಿಸಿಲು ಬಿಟ್ರೆ ನಿನ್ನ ಗಂಟೇನು ಹೋಗುತ್ತೆ?"

ನಮ್ಮತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಘಾಟಮ್ಮ ಅಂತ. ಖಾರದಪುಡಿ ಮಾಡುತ್ತಾರೆ ಅನ್ನುವುದು ಒಂದು ಕಾರಣ. ಅವರ ಮಾತೂ ಹಾಗೇ ಇದೆ ಅನ್ನುವುದು ಇನ್ನೊಂದು ಕಾರಣ, ಅದನ್ನು ಯಾರೂ ಎದುರಿಗೆ ಹೇಳುವುದಿಲ್ಲ. ನಾನು ಅವರ ಸೊಸೆ. ಆರು ವರ್ಷದಿಂದ ಅವರ ಜೊತೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೇನೆ. ಬೈಗುಳ ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ. ಆದರೆ ನನಗೆ ಜ್ವರ ಬಂದಾಗ ತಲೆಯ ಹತ್ತಿರ ಕೂತು ಅಲುಗಾಡದವರು ಅವರೇ.

ಅವರಿಗೆ ತಮ್ಮ ಮೂಗಿನ ಮೇಲೆ ಬಹಳ ಹೆಮ್ಮೆ. ಒಂದು ಹಿಡಿ ಮೆಣಸಿನಕಾಯಿ ಎತ್ತಿ ಮೂಸಿದರೆ ಅದು ಯಾವ ಹೊಲದ್ದು, ಎಷ್ಟು ಖಾರ, ಹೊಸದೋ ಹಳೆಯದೋ, ಎಲ್ಲ ಹೇಳಿಬಿಡುತ್ತಾರೆ. ಬೀದಿಯ ಮೂವತ್ತು ಮನೆಗಳು ವರ್ಷಪೂರ್ತಿ ಅವರ ಪುಡಿಯನ್ನೇ ತಿನ್ನುತ್ತವೆ. ದೂರದ ಊರಿನಲ್ಲಿರುವ ನನ್ನ ನಾದಿನಿಗೂ ಅದೇ ಬೇಕು. ಅವಳು ಆಗ ಆರು ತಿಂಗಳ ಬಸುರಿ. ಬಾಯಿಗೆ ಏನೂ ರುಚಿಸುವುದಿಲ್ಲ, ಅಮ್ಮನ ಖಾರ ಒಂದಿದ್ದರೆ ಸಾಕು ಅಂತ ಫೋನಿನಲ್ಲಿ ಅತ್ತಿದ್ದಳು. ಇನ್ನು ಕೇಳಬೇಕೇ? ಮೋಡದ ನಡುವೆಯೇ ಅತ್ತೆ ಮೊದಲ ಚೀಲದಿಂದ ಎರಡು ಬೊಗಸೆ ತೆಗೆದರು, ಹದವಾಗಿ ಹುರಿದರು, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿದರು. ಡಬ್ಬಿಗೆ ತುಂಬಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಯೂ ಆಯಿತು.

ಮೂರು ದಿನ ಬಿಟ್ಟು ಬಿಸಿಲು ಬಂತು. ಉಳಿದದ್ದನ್ನೆಲ್ಲ ಗಿರಣಿಗೆ ಹಾಕಿಸೋಣ ಅಂತ ಹಿಂದಿನ ಕೋಣೆಗೆ ಹೋದೆವು. ಅಲ್ಲಿ ಮೂರು ಚೀಲ ಗೋಡೆಗೆ ಒರಗಿದ್ದವು. ಎರಡು ಚೀಲ ತೊಟ್ಟು ಬಿಡಿಸಿದ್ದು, ಒಂದು ಬಿಡಿಸದೇ ಇದ್ದದ್ದು. ಮೊದಲ ಚೀಲದ ಬಾಯಿ ಬಿಚ್ಚಿ ಕೈ ಇಳಿಸಿದೆ. ಒಳಗೆ ಬೆಚ್ಚಗಿತ್ತು. ಕೆಳಗಿನಿಂದ ಎತ್ತಿದ ಹಿಡಿಯಲ್ಲಿ ನಾಲ್ಕೈದು ಕಾಯಿಗಳ ತೊಟ್ಟಿನ ಜಾಗದಲ್ಲಿ ಬೆಳ್ಳಗೆ, ಹತ್ತಿ ಅಂಟಿದ ಹಾಗೆ ಕಂಡಿತು.

"ಅತ್ತೆ, ಬೂಷ್ಟು."

"ಎಲ್ಲಿ? ಅಯ್ಯೋ, ಇಷ್ಟೇನಾ! ನಾಲ್ಕು ಕಾಯಿ ಎಸೆದ್ರಾಯ್ತು. ಉಳಿದಿದ್ದು ಬಿಸಿಲಿಗೆ ಹಾಕಿ, ಒಣಬಟ್ಟೇಲಿ ಒರೆಸಿ, ಚೆನ್ನಾಗಿ ಹುರಿದುಬಿಟ್ರೆ ಎಲ್ಲಾ ಸತ್ತುಹೋಗುತ್ತೆ."

"ಏನಾದ್ರೂ ಆದ್ರೆ?"

"ಮೂವತ್ತು ವರ್ಷದಿಂದ ಏನಾಗಿದೆ? ನೀನು ಮೊದಲು ಸೈಕಲ್ ತಗೋ."

ಹಾಗೆಯೇ ಎರಡು ದಿನ ಬಿಸಿಲಿಗೆ ಹಾಕಿ, ಒರೆಸಿ, ಆ ಮೊದಲ ಚೀಲವನ್ನೇ ಸೈಕಲ್ಲಿಗೆ ಹೇರಿಕೊಂಡು ಹೊರಟೆವು. ಗಿರಣಿ ನಡೆಸುವುದು ಅತ್ತೆಯ ಬಾಲ್ಯದ ಗೆಳತಿ. ನಾನು ಅವರನ್ನು ಗಿರಣಿ ಚಿಕ್ಕಮ್ಮ ಅನ್ನುತ್ತೇನೆ. ಇಬ್ಬರೂ ಸಿಕ್ಕರೆ ಜಗಳ, ಸಿಗದಿದ್ದರೆ ಬೇಜಾರು. ಚಿಕ್ಕಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಜರಡಿ ಕೊಡವುತ್ತಿದ್ದರು. ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೀಜದ ಸದ್ದು ಬರಲಿಲ್ಲ. ತೊಟ್ಟಿನ ಜಾಗಕ್ಕೆ ಇಣುಕಿ, ಮತ್ತೆ ಚೀಲದ ಬಾಯಿ ಕಟ್ಟಿದರು.

"ಇದನ್ನ ನಾನು ಬೀಸಲ್ಲ."

ಅತ್ತೆ ಮೊದಲು ನಕ್ಕರು. ಚಿಕ್ಕಮ್ಮ ನಗಲಿಲ್ಲ.

"ಯಾಕೇ? ನಿನ್ನ ಗಿರಣಿಗೆ ನನ್ನ ಮೆಣಸಿನಕಾಯಿ ಹಿಡಿಸಲ್ವಾ?"

"ಬೂಷ್ಟು ಹಿಡಿದಿದೆ ಕಣೇ ಇದಕ್ಕೆ. ನಿನ್ನ ಚೀಲ ಬೀಸಿದ್ರೆ ಅದು ಗಿರಣಿ ಹೊಟ್ಟೇಲಿ ಕೂತ್ಕೊಳ್ಳುತ್ತೆ. ನಿನ್ನ ಹಿಂದೆ ಬರೋರ ಪುಡಿಗೂ ಸೇರುತ್ತೆ. ನನ್ನ ಕೈಲಾಗಲ್ಲ."

"ಒರೆಸಿದೀನಿ, ಒಣಗಿಸಿದೀನಿ. ಬೇಕಾದ್ರೆ ಹುರಿದೇ ತರ್ತೀನಿ. ಬೆಂಕಿ ಮುಂದೆ ಯಾವ ಬೂಷ್ಟು ನಿಲ್ಲುತ್ತೆ ಹೇಳು?"

"ಬೂಷ್ಟು ಸಾಯುತ್ತೆ. ಆದ್ರೆ ಅದು ಬಿಟ್ಟುಹೋದ ವಿಷ ಸಾಯಲ್ಲ," ಅಂದರು ಚಿಕ್ಕಮ್ಮ. "ಗಿರಣಿಯವರಿಗೆ ಅಂತ ತರಬೇತಿ ಕೊಟ್ರಲ್ಲ, ಅಲ್ಲಿ ಹೇಳಿದ್ರು. ಅಫ್ಲಾಟಾಕ್ಸಿನ್ ಅಂತ ಅದರ ಹೆಸರು. ನಾಲಿಗೆ ತಿರುಗಲ್ಲ, ಬಿಡು, ವಿಷ ಅಂತಲೇ ಇಟ್ಕೋ. ಹುರಿದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಇವತ್ತು ತಿಂದ್ರೆ ಇವತ್ತೇ ಗೊತ್ತಾಗಲ್ಲ. ದಿನಾ ಇಷ್ಟಿಷ್ಟೇ ಹೊಟ್ಟೆಗೆ ಹೋಗಿ ಲಿವರ್ ಕೆಡಿಸುತ್ತೆ, ವರ್ಷಗಟ್ಟಲೆ ಆದ್ರೆ ಲಿವರಿಗೆ ಕ್ಯಾನ್ಸರೂ ಬರಬಹುದಂತೆ."

ನಮ್ಮತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಈಗ ಆ ಮೂಗಿಗೇ ಅವಮಾನವಾಗಿತ್ತು.

"ವಾಸನೆ ಇಲ್ಲ ಅಂತೆ! ಎರಡು ದಿನ ತರಬೇತಿಗೆ ಹೋಗಿ ಬಂದವಳು ನನಗೆ ಮೆಣಸಿನಕಾಯಿ ಪಾಠ ಹೇಳ್ತಾಳೆ. ನಾನು ಮೂಸಿ ತೆಗೆದ ಕಾಯೀಲಿ ಒಂದು ಕೆಟ್ಟಿದ್ದು ತೋರಿಸು ನೋಡೋಣ!"

"ತೆಗಿ ಹಾಗಾದ್ರೆ. ನೀನು ಮೆಚ್ಚಿದ್ದೇ ಮೂರು ತೆಗಿ."

ಅತ್ತೆ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದನ್ನೂ ಮೂಸಿ, ಬೆಳಕಿಗೆ ಹಿಡಿದು, ಕೊನೆಗೆ ಮೂರು ಕಾಯಿ ಆರಿಸಿದರು. ಕೆಂಪಗೆ, ನೀಟಾಗಿ, ಒಂದು ಚುಕ್ಕೆಯೂ ಇಲ್ಲದ ಕಾಯಿಗಳು. ನನಗೂ ಅವು ಚೆನ್ನಾಗಿಯೇ ಕಂಡವು.

ಚಿಕ್ಕಮ್ಮ ಮೊದಲನೆಯದನ್ನು ಉದ್ದಕ್ಕೆ ಸೀಳಿದರು. ಒಳಗೆ ಶುಭ್ರವಾಗಿತ್ತು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎರಡನೆಯದನ್ನು ಸೀಳಿದರು. ಬೀಜಗಳ ಸುತ್ತ ಬೂದಿಬಣ್ಣದ ಹಸಿರು ಧೂಳು ಮೆತ್ತಿಕೊಂಡಿತ್ತು. ಮೂರನೆಯದರಲ್ಲೂ ಅದೇ. ಬೀಜಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪಗಾಗಿದ್ದವು.

ಅತ್ತೆ ಆ ಎರಡೂ ಸೀಳನ್ನು ಕಿತ್ತುಕೊಂಡು ಮೂಗಿಗೆ ಒತ್ತಿ ಮೂಸಿದರು. ಖಾರದ ಘಾಟು ಬಿಟ್ಟರೆ ಬೇರೇನೂ ಸಿಗಲಿಲ್ಲ.

"ನಿನ್ನ ಮೂಗಿಂದೇನೂ ತಪ್ಪಿಲ್ಲ ಕಣೇ," ಅಂದರು ಚಿಕ್ಕಮ್ಮ, ಈಗ ಮೆತ್ತಗೆ. "ಇದು ಮೂಗಿಗೆ ಸಿಗೋದೇ ಅಲ್ಲ. ನನ್ನ ಕಣ್ಣಿಗೂ ಎಲ್ಲಾ ಸಲ ಸಿಗಲ್ಲ. ಅದಕ್ಕೇ ಬೂಷ್ಟು ಬರದ ಹಾಗೆ ನೋಡ್ಕೋಬೇಕು, ಬಂದ ಮೇಲೆ ಒದ್ದಾಡಿ ಉಪಯೋಗ ಇಲ್ಲ. ಅದಿರಲಿ, ಈ ಚೀಲದಿಂದ ಯಾರಿಗಾದ್ರೂ ಪುಡಿ ಕೊಟ್ಟಿದ್ದೀಯಾ?"

ಅತ್ತೆ ಗಿರಣಿಯ ಕಟ್ಟೆ ಹಿಡಿದುಕೊಂಡು ಕೂತರು.

"ಮಗಳಿಗೆ," ಅಂದರು. "ಮೊದಲ ಕೈ ಯಾವಾಗಲೂ ಅವಳಿಗೇ ಅಲ್ವೇನೇ."

ನಂಬರ್ ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ. ಆ ಕಡೆಯಿಂದ ನಾದಿನಿಯ ದನಿ ಖುಷಿಯಾಗಿ ಬಂತು. "ಅಮ್ಮಾ! ಡಬ್ಬಿ ನಿನ್ನೆ ಕೈಗೆ ಬಂತು. ಎಷ್ಟು ದಿನ ಆದಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ ಗೊತ್ತಾ!"

ಅತ್ತೆ ಕಣ್ಣು ಮುಚ್ಚಿಕೊಂಡರು. ಅವರ ಪುಡಿ ಚೆನ್ನಾಗಿಲ್ಲ ಅಂದವರ ಮನೆಗೆ ವರ್ಷಗಟ್ಟಲೆ ಕಾಲಿಡದ ಹೆಂಗಸು ಅವರು. ಈಗ ತಮ್ಮ ಬಾಯಲ್ಲೇ ಹೇಳಬೇಕಿತ್ತು.

"ಮಗಳೇ, ಆ ಪುಡಿ ಚೆಲ್ಲಿಬಿಡು."

"ಏನು?"

"ಚೆಲ್ಲಿಬಿಡು. ಕೆಟ್ಟಿದೆ ಅದು. ನಾನೇ ಕೆಡಿಸಿದೀನಿ."

"ಏನಮ್ಮ ತಮಾಷೆ ಮಾಡ್ತೀಯಾ! ವಾಸನೆ ಘಮ್ ಅಂತಿದೆ. ಸ್ವಲ್ಪನಾದ್ರೂ ಇಟ್ಕೊಳ್ತೀನಿ."

"ಚಿಟಿಕೆನೂ ಬೇಡ, ನನ್ನಾಣೆ!" ಅತ್ತೆಯ ದನಿ ಒಡೆಯಿತು. ಫೋನನ್ನು ಚಿಕ್ಕಮ್ಮನ ಕೈಗೆ ತುರುಕಿ, "ಹೇಳೇ, ನೀನೇ ಹೇಳು. ಮಗೂಗೆ ಏನಾದ್ರೂ ಆಗುತ್ತಾ ಹೇಳು," ಅಂದರು.

ಚಿಕ್ಕಮ್ಮ ಇಬ್ಬರಿಗೂ ಕೇಳುವ ಹಾಗೆ ಹೇಳಿದರು. "ಒಂದೆರಡು ಊಟಕ್ಕೆ ಗಾಬರಿ ಆಗಬೇಡ ಕಂದಾ. ದಿನಾ ತಿನ್ನೋದು ಅಪಾಯ. ಅದಕ್ಕೇ ಇವತ್ತಿಂದ ನಿಲ್ಲಿಸು, ಡಬ್ಬೀನ ಸೋಪು ಹಾಕಿ ತೊಳಿ. ಹೇಗೂ ತಪಾಸಣೆಗೆ ಹೋಗ್ತೀಯಲ್ಲ, ಡಾಕ್ಟರಿಗೆ ಒಂದು ಮಾತು ಹೇಳು. ಒಳ್ಳೇ ಪುಡಿ ನಾನೇ ನಿಂತು ಬೀಸಿ ಕಳಿಸ್ತೀನಿ."

ಫೋನಿಟ್ಟ ಮೇಲೆ ಚಿಕ್ಕಮ್ಮ ನಮ್ಮಿಬ್ಬರ ಕಡೆ ತಿರುಗಿದರು. "ಚೆನ್ನಾಗಿ ಒಣಗಿಸ್ತೀರಲ್ಲ ನೀವು. ಆಮೇಲೆ ಒದ್ದೆ ಹೇಗಾಯ್ತು? ತೊಟ್ಟು ಬಿಡಿಸೋವಾಗ ನೀರು ಚಿಮುಕಿಸಿದ್ರಾ?"

ಅತ್ತೆ ನೆಲ ನೋಡಿದರು. ನಾನೂ ನೆಲ ನೋಡಿದೆ.

ಗರಿಗರಿಯಾಗಿ ಒಣಗಿದ ಕಾಯಿಯ ತೊಟ್ಟು ಕಿತ್ತರೆ ಕಾಯಿ ಒಡೆಯುತ್ತದೆ, ಧೂಳು ಏಳುತ್ತದೆ. ಆ ಧೂಳಿಗೆ ನನಗೆ ಸೀನು ಶುರುವಾದರೆ ಇಪ್ಪತ್ತು, ಮೂವತ್ತು, ನಿಲ್ಲುವುದೇ ಇಲ್ಲ. ಕಣ್ಣು ಮೂಗು ಎಲ್ಲ ಊದಿಕೊಳ್ಳುತ್ತದೆ. ಆ ದಿನ ಅತ್ತೆ ಚೆಂಬಿನಲ್ಲಿ ನೀರು ತಂದು, "ಸಾಕು ಸೀನಿದ್ದು, ಪ್ರಾಣ ಹೋಗುತ್ತೆ," ಅಂತ ಬೈಯುತ್ತಲೇ ಎರಡೂ ರಾಶಿಗೆ ಚಿಮುಕಿಸಿದ್ದರು. ನಾಳೆ ಬಿಸಿಲಿಗೆ ಹಾಕಿದರಾಯಿತು ಅಂದುಕೊಂಡಿದ್ದೆವು. ಮಾರನೆಯ ದಿನವೇ ಮೋಡ ಕವಿಯಿತು.

"ನನಗೋಸ್ಕರ ಹಾಕಿದ್ದು ಚಿಕ್ಕಮ್ಮ," ಅಂದೆ. "ಒದ್ದೆ ಆಗ್ತಿದೆ ಅಂತ ನನಗೂ ಗೊತ್ತಿತ್ತು. ಸೀನು ನಿಂತಿತಲ್ಲ ಅಂತ ಸುಮ್ಮನಿದ್ದೆ."

"ಇವಳೇನು ಮಾಡ್ತಾಳೆ, ಚೆಂಬು ನನ್ನ ಕೈಲಿತ್ತು," ಅಂದರು ಅತ್ತೆ, ಇನ್ನೂ ನೆಲ ನೋಡುತ್ತಲೇ.

ಚಿಕ್ಕಮ್ಮ ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡರು. "ಅತ್ತೆ ಸೊಸೆ ಹೀಗೆ ಪ್ರೀತಿ ಮಾಡಿದ್ರೆ ಮೆಣಸಿನಕಾಯಿ ಗತಿ ಏನು! ಸೀನು ಬಂದ್ರೆ ಮೂಗಿಗೆ ಬಟ್ಟೆ ಕಟ್ಟಬೇಕು ಕಣ್ರೇ, ಕಾಯಿಗೆ ನೀರು ಹಾಕೋದಲ್ಲ!"

ಅಷ್ಟು ಸಂಕಟದಲ್ಲೂ ನನಗೆ ನಗು ಬಂತು. ಅತ್ತೆಗೂ ಬಂತು, ಅಳುವಿನ ಜೊತೆಗೇ.

ಚಿಕ್ಕಮ್ಮನೂ ನಮ್ಮ ಜೊತೆಗೇ ಮನೆಗೆ ಬಂದರು. ಆ ಎರಡು ಚೀಲವನ್ನೂ ಅವತ್ತೇ ಹಿತ್ತಿಲಲ್ಲಿ ಆಳವಾದ ಗುಂಡಿ ತೋಡಿ ಹೂತೆವು. ಕೋಳಿಗಾದರೂ ಹಾಕೋಣವೇ ಅಂತ ಅತ್ತೆ ಮೆಲ್ಲಗೆ ಕೇಳಿದರು. ಚಿಕ್ಕಮ್ಮ ಕಣ್ಣು ಬಿಟ್ಟರು. "ಕೋಳಿಗೂ ಲಿವರ್ ಇದೆ!" ಮಣ್ಣು ಎಳೆದು ಮುಚ್ಚಿದ್ದು ಅತ್ತೆಯೇ. ತಾವೇ ಆರಿಸಿ, ಒಣಗಿಸಿ, ಬಿಡಿಸಿದ ಕಾಯಿ. ಕಷ್ಟವಾಗದೇ ಇರುತ್ತದೆಯೇ?

ತೊಟ್ಟು ಬಿಡಿಸದ ಮೂರನೆಯ ಚೀಲಕ್ಕೆ ನೀರು ಬಿದ್ದಿರಲಿಲ್ಲ. ಚಿಕ್ಕಮ್ಮ ಅದರಿಂದ ಒಂದು ಹಿಡಿ ತೆಗೆದು ಅತ್ತೆಯ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಲಗಲ ಅಂದಿತು. "ಕೇಳಿಸ್ತಾ? ಬೀಜ ಒಳಗೆ ಓಡಾಡಬೇಕು. ಬಗ್ಗಿಸಿದ್ರೆ ಪಟ್ ಅಂತ ಮುರೀಬೇಕು. ಮೆತ್ತಗೆ ಮಡಚಿಕೊಂಡ್ರೆ ಅದು ಇನ್ನೂ ಒಣಗಿಲ್ಲ." ಸುಮ್ಮನೆ ನಂಬಲಿಲ್ಲ, ಅದರಲ್ಲೂ ಹತ್ತಾರು ಕಾಯಿ ಸೀಳಿ ನೋಡಿದೆವು. ಎಲ್ಲವೂ ಶುಭ್ರವಾಗಿದ್ದವು. ಆ ಚೀಲದ ಪುಡಿಯನ್ನೇ ಅಗಲವಾದ ತಟ್ಟೆಯಲ್ಲಿ ಪೂರ್ತಿ ಆರಲು ಬಿಟ್ಟು ನಾದಿನಿಗೆ ಕಳಿಸಿದೆವು. ಬಿಸಿಪುಡಿಗೆ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ, ಅಲ್ಲೂ ಬೂಷ್ಟು ಬರುತ್ತದೆ ಅಂತ ಆಗಲೇ ನನಗೆ ತಿಳಿದದ್ದು. ಬೀದಿಯ ಮನೆಗಳಿಗೆ ಆ ಸಲ ತಡವಾಯಿತು. ಯಾಕೆ ಅಂತ ಕೇಳಿದವರಿಗೆಲ್ಲ ಅತ್ತೆ ಇದ್ದದ್ದು ಇದ್ದ ಹಾಗೆ ಹೇಳಿದರು.

ಈಗ ನಮ್ಮ ಮನೆಯಲ್ಲಿ ಮೆಣಸಿನಕಾಯಿ ನೆಲದ ಮೇಲೆ ಒಣಗುವುದಿಲ್ಲ, ಹಳೆ ಮಂಚದ ಮೇಲೆ ಶುಚಿಯಾದ ತಾಡಪಾಲು ಹಾಸಿ ಒಣಗಿಸುತ್ತೇವೆ. ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚುತ್ತೇವೆ. ಚೀಲಗಳು ಹಲಗೆಯ ಮೇಲೆ ಕೂರುತ್ತವೆ, ಗೋಡೆಗೆ ತಾಗುವುದಿಲ್ಲ. ನೀರಿನ ಚೆಂಬಿಗೆ ಆ ಕೋಣೆಗೆ ಪ್ರವೇಶವಿಲ್ಲ. ಅತ್ತೆ ತಮ್ಮ ಹಳೆಯ ದಿಂಬಿನ ಕವರು ಕತ್ತರಿಸಿ, ಮೂರು ಪದರ ಮಾಡಿ, ನನಗೆ ಮೂಗಿಗೆ ಕಟ್ಟುವ ಬಟ್ಟೆ ಹೊಲಿದುಕೊಟ್ಟಿದ್ದಾರೆ. "ಕಟ್ಕೊಂಡ್ರೆ ಕಳ್ಳಿ ಥರ ಕಾಣ್ತೀಯ," ಅನ್ನುತ್ತಾರೆ. ಗಂಟು ಮಾತ್ರ ದಿನಾ ತಾವೇ ಹಾಕುತ್ತಾರೆ.

ನಾದಿನಿ ಮಗುವಿನ ಜೊತೆ ಕಳೆದ ವಾರ ಬಂದಳು. ಹೆಣ್ಣುಮಗು, ಐದು ತಿಂಗಳು, ಗುಂಡುಗುಂಡಾಗಿದೆ. ಅಂಗಳದ ಆ ತುದಿಯಲ್ಲಿ ಅತ್ತೆ ಎಂದಿನಂತೆ ಒಂದು ಹಿಡಿ ಒಣಮೆಣಸಿನಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಗಲಗಲ. ಈ ತುದಿಯಲ್ಲಿ ಅಮ್ಮನ ತೋಳಿನಲ್ಲಿದ್ದ ಮಗು ಥಟ್ಟನೆ ತಲೆ ತಿರುಗಿಸಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅತ್ತೆ ಮತ್ತೊಮ್ಮೆ ಅಲ್ಲಾಡಿಸಿದರು. ಅದು ಮತ್ತೆ ನಕ್ಕಿತು.

"ನೋಡೇ," ಅಂದರು ಅತ್ತೆ ನನಗೆ. ಕಣ್ಣಲ್ಲಿ ನೀರಿತ್ತು, ಖಾರದ್ದಲ್ಲ. "ಕಾಯೀನ ಕಿವೀಲಿ ಕೇಳಬೇಕು ಅಂತ ಇದಕ್ಕೂ ಗೊತ್ತಾಯ್ತು. ನನಗೆ ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದಿ ಮಡಚಿಡಬೇಡಿ. ಈಗಲೇ ಎದ್ದು ನಿಮ್ಮ ಮನೆಯ ಮೆಣಸಿನಕಾಯಿ ಡಬ್ಬಿಗೆ ಕೈ ಹಾಕಿ. ಅಲ್ಲಾಡಿಸಿ ಕೇಳಿ, ಮುರಿದು ನೋಡಿ, ನಾಲ್ಕು ಕಾಯಿ ಸೀಳಿ ಒಳಗೆ ಇಣುಕಿ. ಬೂಷ್ಟು ಕಂಡರೆ ಒರೆಸಬೇಡಿ, ಹುರಿಯಬೇಡಿ, ದನಕ್ಕೂ ಕೋಳಿಗೂ ಹಾಕಬೇಡಿ. ಹೊಟ್ಟೆ ಉರಿದರೂ ಸರಿ, ಹೂತುಬಿಡಿ. ಯಾರಿಗಾದರೂ ಪುಡಿ ಕೊಟ್ಟಾಗಿದ್ದರೆ ನಾಚಿಕೆ ಬಿಟ್ಟು ಒಂದು ಫೋನು ಮಾಡಿ. ನಮ್ಮ ಘಾಟಮ್ಮನೇ ಮಾಡಿದರು, ನಿಮಗೇನು?